ಮೂರು ತಿಂಗಳು ಮೊದಲೇ

ಡಾಕ್ಟರಮ್ಮ ಮಾತ್ರೆಯ ಚೀಟಿಯನ್ನು ಮಗಳ ಕಡೆಗೆ ಚಾಚಿದರು. "ಬಸಿರಾದ ಮೇಲಲ್ಲ, ಮೂರು ತಿಂಗಳು ಮೊದಲಿಂದಾನೇ ಫೋಲಿಕ್ ಮಾತ್ರೆ ತಗೋಬೇಕು. ಜೊತೆಗೆ ದಂಟಿನ ಸೊಪ್ಪು, ಹೆಸರುಕಾಳು ಚೆನ್ನಾಗಿ ತಿನ್ಬೇಕು."

ಮಗಳು ಒಂದೂ ಬಿಡದೆ ಬರೆದುಕೊಂಡಳು. ಪಕ್ಕದಲ್ಲಿದ್ದ ತಾಯಿ ಸೆರಗು ಹಿಂಡುತ್ತಾ ಕೇಳಿದಳು, "ಇಷ್ಟೆಲ್ಲ ತಿಂದ್ರೆ ಮಗೂಗೆ ಕ್ರೋಮೋಸೋಮ್ ತೊಂದ್ರೆ ತಪ್ಪುತ್ತಾ ಡಾಕ್ಟ್ರೇ?"

"ಅದು ಊಟದಿಂದ ತಪ್ಪೋದಲ್ಲಮ್ಮ. ಮೂವತ್ತೈದು ದಾಟಿದೋರಿಗೆ ಅಪಾಯ ಸ್ವಲ್ಪ ಹೆಚ್ಚು, ಅದಕ್ಕೆ ಪರೀಕ್ಷೆ ಇದೆ. ಇಪ್ಪತ್ತರ ಹುಡುಗಿಗೆ ಯಾಕೆ ಭಯ?" ಡಾಕ್ಟರಮ್ಮ ನಗುತ್ತಾ ಮಗಳತ್ತ ತಿರುಗಿದರು. "ಮದುವೆ ಯಾವಾಗ ಆಯ್ತು?"

ತಾಯಿ ತಲೆ ತಗ್ಗಿಸಿದಳು. ಮಗಳು ಕಿಸಕ್ಕನೆ ನಕ್ಕು ಚೀಟಿಯನ್ನು ಅವಳ ಕೈಗಿಟ್ಟಳು.

"ಹೋದ ತಿಂಗಳು ಡಾಕ್ಟ್ರೇ. ನಾನೇ ಮುಂದೆ ನಿಂತು ಅಮ್ಮನ್ನ ಧಾರೆ ಎರೆದುಕೊಟ್ಟೆ."