ಲೀಟರಿಗೆ ಏಳು ಕಿಲೋಮೀಟರ್

ಪೆಟ್ರೋಲ್ ಕದಿಯುತ್ತಿರುವವನು ಪಕ್ಕದ ಮನೆಯ ಗಾರ್ಥನೇ ಎಂದು ಓರೆಸ್ಟ್ ತೀರ್ಮಾನಿಸಿದ್ದು ಗುರುವಾರ ಮಧ್ಯಾಹ್ನ, ಚರ್ಚಿನ ಹೊರಗೆ, ತನ್ನ ಕಾರಿನಲ್ಲಿ ಕೂತು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಡತಿ ಲ್ಯೂಬಾ ಇತರ ಹೆಂಗಸರ ಜತೆ ಪೆರೋಗಿ ಕಡುಬಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದಳು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ಸಸ್ಕಾಚೆವಾನಿನ ಜನವರಿಗೆ ಅದೇನೂ ದೊಡ್ಡ ಮಾತಲ್ಲ. ಓರೆಸ್ಟ್ ಜಾಕೆಟ್ ಬಿಚ್ಚಿ ಹಿಂದಿನ ಸೀಟಿಗೆ ಎಸೆದ. ಕೈಗವಸು ಕಳಚಿ ನೋಟ್‌ಬುಕ್ ತೆರೆದ.

ಹದಿನೆಂಟು ವರ್ಷದ ಆ ಪುಟ್ಟ ಕೆಂಪು ಕಾರಿನ ಜಾತಕವೆಲ್ಲ ಅದರಲ್ಲಿತ್ತು. ಓರೆಸ್ಟ್ ಪೊಟ್ಯಾಶ್ ಗಣಿಯಲ್ಲಿದ್ದಷ್ಟು ಕಾಲವೂ ಲೀಟರಿಗೆ ಹದಿನಾಲ್ಕು ಕಿಲೋಮೀಟರ್. ಗಣಿಯ ಹೊರಗೆ ಕಾರು ಹನ್ನೆರಡು ಗಂಟೆ ನಿಂತರೂ ಒಂದು ಹನಿ ಕಡಿಮೆಯಾಗುತ್ತಿರಲಿಲ್ಲ. ಅಕ್ಟೋಬರಿನಲ್ಲಿ ನಿವೃತ್ತನಾದ. ನವೆಂಬರಿನಲ್ಲಿ ಹನ್ನೊಂದು. ಈಗ ಏಳು.

ಮೆಕ್ಯಾನಿಕ್ ಡಾರ್ಲೀನ್ ಕಾರನ್ನು ಮೂರು ಸಲ ಎತ್ತಿ ಇಳಿಸಿದ್ದಳು.

"ಪ್ಲಗ್ ಹೊಸದು, ಫಿಲ್ಟರ್ ಹೊಸದು. ಬ್ರೇಕ್ ಎಲ್ಲೂ ಹಿಡ್ಕೊಂಡಿಲ್ಲ, ಟೈರಲ್ಲಿ ಗಾಳಿ ಸರಿಯಾಗಿದೆ. ಎಲ್ಲೂ ಸೋರ್ತಾನೂ ಇಲ್ಲ. ಈ ಕಾರು ನನಗಿಂತ ಗಟ್ಟಿಮುಟ್ಟಾಗಿದೆ ಓರೆಸ್ಟ್."

"ಹಾಗಾದ್ರೆ ಪೆಟ್ರೋಲ್ ಎಲ್ಲಿಗೆ ಹೋಗ್ತಿದೆ?"

"ದಿನಕ್ಕೆ ಎಷ್ಟು ಓಡಿಸ್ತೀರಿ?"

"ಓಡಿಸೋದೆಲ್ಲಿ ಬಂತು? ಹೆಚ್ಚು ಹೊತ್ತು ನಿಂತೇ ಇರುತ್ತೆ."

"ನಿಂತ ಕಾರು ಪೆಟ್ರೋಲ್ ಕುಡಿಯಲ್ಲ. ಹಾಗಾದ್ರೆ ಯಾರೋ ಕದೀತಿದಾರೆ ಬಿಡಿ," ಎಂದು ಡಾರ್ಲೀನ್ ಕೈ ಒರೆಸಿಕೊಂಡಿದ್ದಳು. ತಮಾಷೆಗೆ ಆಡಿದ ಮಾತು. ಓರೆಸ್ಟನ ತಲೆಯಲ್ಲಿ ಅದು ಮೊಳೆ ಹೊಡೆದಂತೆ ಕೂತುಬಿಟ್ಟಿತು.

ಮರುದಿನವೇ ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿದ. ಬೀಗ ಬೀಗವಾಗಿಯೇ ಇತ್ತು, ಪೆಟ್ರೋಲ್ ಇಳಿಯುತ್ತಲೇ ಹೋಯಿತು. ಆಗ ಕಾವಲು ಶುರುವಾಯಿತು. ತಿಂಡಿ ಮುಗಿಸಿ ಮನೆ ಮುಂದೆ ಕಾರಿನಲ್ಲಿ ಕೂತರೆ ಊಟಕ್ಕೇ ಒಳಗೆ ಬರುವುದು.

"ಮನೆಯೊಳಗಿಂದ ನೋಡಿದ್ರೆ ಆಗಲ್ವಾ?" ಎಂದಳು ಲ್ಯೂಬಾ.

"ಕಿಟಕಿಯಿಂದ ಮುಚ್ಚಳ ಕಾಣಲ್ಲ ಕಣೆ."

"ಕಾರಿಂದ ನಾನು ಕಾಣಲ್ಲ ಅನ್ನು. ಅದೇ ನಿಂಗೆ ಬೇಕಾಗಿರೋದು."

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಇಡೀ ದಿನ ಮನೆಯಲ್ಲಿ ಜತೆಗಿರುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಕಾರಿನಲ್ಲಿ ರೇಡಿಯೋ ಇತ್ತು, ಕಾಫಿ ಇತ್ತು. ಡ್ಯಾಶ್‌ಬೋರ್ಡಿನ ಮೇಲಿಟ್ಟ ಚಾಕೊಲೇಟು ಹದವಾಗಿ ಮೆತ್ತಗಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದ: ಸೋಮವಾರ, ಕಾರು ಕದಲಿಲ್ಲ, ಕಳ್ಳ ಬರಲಿಲ್ಲ, ಪೆಟ್ರೋಲ್ ಮುಳ್ಳು ಇಳಿದಿದೆ. ಮಂಗಳವಾರವೂ ಅದೇ, ಬುಧವಾರವೂ ಅದೇ. ಅಂದರೆ ತಾನು ಊಟಕ್ಕೆ ಎದ್ದ ಅರ್ಧ ಗಂಟೆಯಲ್ಲೇ ಕಳ್ಳ ಕೈಚಳಕ ತೋರಿಸುತ್ತಿದ್ದಾನೆ. ಎಂಥ ಗಟ್ಟಿಗ!

ಬೀಗ ಮುರಿಯದೆ ತೆಗೆಯಬಲ್ಲವನು ಯಾರು? ಮೂವತ್ತು ವರ್ಷ ಊರಿನ ಬೀಗಗಳನ್ನೆಲ್ಲ ರಿಪೇರಿ ಮಾಡಿದ ಗಾರ್ಥ್. ಪೆಟ್ರೋಲ್ ಯಾರಿಗೆ ಬೇಕು? ಹಿಮ ತೆಗೆಯುವ ಯಂತ್ರ ಇಟ್ಟುಕೊಂಡಿರುವ ಗಾರ್ಥನಿಗೆ. ದಿನಾ ಬೆಳಗ್ಗೆ ಓರೆಸ್ಟನ ಕಾರಿನ ಸುತ್ತ ಹೆಜ್ಜೆಗುರುತು ಯಾರದು? ಅದೂ ಗಾರ್ಥನದೇ.

ಹೀಗೆ ಲೆಕ್ಕ ಕೂಡಿದಾಗ ಓರೆಸ್ಟನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಇಬ್ಬರೂ ಒಂದೇ ಕರ್ಲಿಂಗ್ ತಂಡ. ಮಂಜುಗಡ್ಡೆಯ ಮೇಲೆ ಓರೆಸ್ಟ್ ಕಲ್ಲು ಜಾರಿಸಬೇಕು, ಅದರ ಮುಂದೆ ಗಾರ್ಥ್ ಬಿರುಸಾಗಿ ಪೊರಕೆ ಆಡಿಸಬೇಕು. ಶನಿವಾರ ಊರಿನ ಫೈನಲ್. ಬದುಕಿನಲ್ಲಿ ಓರೆಸ್ಟನಿಗಿದ್ದ ಗೆಳೆಯ ಎಂದರೆ ಗಾರ್ಥ್ ಒಬ್ಬನೇ.

ಆದರೂ ಓರೆಸ್ಟನಿಗೆ ತಡೆದುಕೊಳ್ಳಲಾಗಲಿಲ್ಲ. ಶುಕ್ರವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಕರ್ಲಿಂಗ್ ಅಂಕಣದಲ್ಲಿ ಅಭ್ಯಾಸ ನಡೆಯಿತು. ಆಮೇಲೆ ಕಾಫಿ ಕೌಂಟರಿನ ಹತ್ತಿರ, ಎಲ್ಲರೆದುರೇ ಬಾಯಿಬಿಟ್ಟ.

"ಗಾರ್ಥ್, ನನ್ನ ಕಾರಿಂದ ಪೆಟ್ರೋಲ್ ತೆಗೀತಿರೋದು ನೀನೇ ತಾನೆ? ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ."

ಗಾರ್ಥ್ ಕಪ್ ಕೆಳಗಿಟ್ಟ.

"ಬೆಳಗಾಗೆದ್ದು ನಿನ್ನಂಗಳದ ಹಿಮ ತೆಗೀತೀನಲ್ಲ ಓರೆಸ್ಟ್, ಅದು ಯಾರ ಪೆಟ್ರೋಲಲ್ಲಿ ಅಂದ್ಕೊಂಡಿದೀಯ?"

"ಯಾರದು?"

"ನಂದು ಕಣಯ್ಯಾ. ನಾಳೆ ಆಟಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ. ಹೋಗೋಕ್ಕೆ ಮುಂಚೆ ಕಳ್ಳನ್ನ ತೋರಿಸಿಬಿಡ್ತೀನಿ, ಬಾ."

ಇಬ್ಬರೂ ಹೊರಗೆ ಬಂದರು. ಚಳಿ ಮುಖಕ್ಕೆ ರಪ್ಪೆಂದು ಹೊಡೆಯಿತು. ಕೆಂಪು ಕಾರಿನ ಬಾಗಿಲ ಹತ್ತಿರ ಗಾರ್ಥ್ ನಿಂತ.

"ದಿನಾ ನನ್ನ ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ರಿಟೈರಾದವ್ನು, ಮನೇಲಿ ಕೂರಕ್ಕಾಗ್ತಿಲ್ಲ, ಪಾಪ ಕಾರಲ್ಲೇ ಹೊತ್ತು ಕಳೀತಾನೆ, ಹೇಳಿದ್ರೆ ಬೇಜಾರಾಗ್ತಾನೆ ಅಂತ ಸುಮ್ಮನಿದ್ದೆ. ನಂದೇ ತಪ್ಪು."

ಬಾಗಿಲು ತೆಗೆದು, ಒಳಗೆ ಕೈ ಹಾಕಿ, ಅವನು ಕೀಲಿ ತಿರುಗಿಸಿದ. ವಾಪಸ್ ಬರುವಾಗ ಸೀಟು ಬೆಚ್ಚಗಿರಲೆಂದು ಓರೆಸ್ಟ್ ಒಂಬತ್ತು ಗಂಟೆಗೆ ಚಾಲೂ ಬಿಟ್ಟುಹೋಗಿದ್ದ ಎಂಜಿನ್ ನಿಂತಿತು.