ಪ್ರಶ್ನಾರ್ಥಕ ಚಿಹ್ನೆಗಳ ವಧು-ವರರು

ಒಡತಿ ಕುಸುಮಾವತಿಯವರ ನಾಸಿಕ್ ಬಸ್ಸು ಹೊರಟಿತೆಂದು ಖಾತ್ರಿಯಾದ ಮೇಲೆ ಶ್ರೀವಿದ್ಯಾ ಆಫೀಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಕಳ್ಳತನವೇನಲ್ಲ, ತನ್ನದನ್ನೇ ತಾನು ತೆಗೆಯುವುದು. ಆದರೂ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದಳು.

ತೆಗೆಯಬೇಕಾದದ್ದು ಅವಳದೇ ಮದುವೆಯ ಬಯೋಡಾಟಾ. ನಾಲ್ಕು ವರ್ಷದ ಹಿಂದೆ ಈ ಕನ್ನಡ ವಧು-ವರ ಕೇಂದ್ರದ ಸಂಭಾಜಿನಗರ ಶಾಖೆಯಲ್ಲಿ ಕೆಲಸಕ್ಕೆ ಸೇರಿದ ವಾರವೇ ಕುಸುಮಾವತಿ ಅದನ್ನು ತುಂಬಿಸಿಕೊಂಡಿದ್ದರು. ಆಮೇಲೆ ಓಝರ್‌ನ ವಿಮಾನ ಕಾರ್ಖಾನೆಯ ಇಂಜಿನಿಯರುಗಳು, ಹೋಟೆಲಿನವರ ಮಕ್ಕಳು, ವಾಳೂಜಿನ ಕಾರ್ಖಾನೆಗಳ ಫಿಟ್ಟರುಗಳು ಅವಳ ಕೈಗೇ ಅರ್ಜಿ ಕೊಟ್ಟು, ಅವಳು ಮಾಡಿದ ಚಹಾ ಕುಡಿದು, ವರ್ಷದೊಳಗೆ ಲಗ್ನಪತ್ರಿಕೆ ತಂದಿಟ್ಟರು. ಅವಳನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

"ಎಲ್ಲಾರಿಗೂ ಮೊದಲ ನಿನ್ನ ಫೋಟೋನ ತೋರಸ್ತೀನಿ ನೋಡವಾ. ಏನ್ ಮಾಡೂದು, ಋಣಾನುಬಂಧ," ಎಂದು ಕುಸುಮಾವತಿ ಇವತ್ತೂ ಹೊರಡುವಾಗ ಹೇಳಿದ್ದರು. "ನೀ ಒಂದ್ ದಿನ ರಜಾ ಹಾಕಿದ್ರ ನನ್ನ ಕೈಕಾಲ ಆಡಂಗಿಲ್ಲ."

ಸಾಕು. ಇನ್ನು ಯಾರ ಮುಂದೂ ಆ ಫೋಟೋ ಬೇಡ.

ಅರ್ಜಿ ಸ್ಕ್ಯಾನ್ ಮಾಡಿ ಕಳಿಸುವುದಷ್ಟೇ ಅವಳ ಕೆಲಸ. ಫೈಲಿಗೆ ಹೆಸರಿಟ್ಟು ಜೋಡಿ ಕೂಡಿಸುವುದೆಲ್ಲ ನಾಸಿಕ್‌ನಲ್ಲಿ, ಕುಸುಮಾವತಿಯವರ ಕಂಪ್ಯೂಟರಿನಲ್ಲಿ. ಸಂಜೆಯ ಕಂಪ್ಯೂಟರ್ ತರಗತಿಯಲ್ಲಿ ಕಲಿತದ್ದನ್ನು ನೆನೆಯುತ್ತ, ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಿಂದ ಆ ಕಂಪ್ಯೂಟರಿನೊಳಗೆ ಹೊಕ್ಕಳು. ಫೈಲುಗಳ ಪಟ್ಟಿ ಕೇಳಿದಳು.

ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಒಂದು ಹೆಸರೂ ಇಲ್ಲ.

ಇನ್ನೊಮ್ಮೆ ಕೇಳಿದಳು; ಅವೇ ಚಿಹ್ನೆಗಳು. ಮುನ್ನೂರು ಮನೆಗಳ ಮಕ್ಕಳ ಹೆಸರನ್ನು ತಾನೇ ಅಳಿಸಿಬಿಟ್ಟೆನೆ? ಬೇರೆ ದಾರಿಯಿಲ್ಲದೆ ಕುಸುಮಾವತಿಯವರ ಸೋದರಳಿಯ ಚೇತನನಿಗೆ ಫೋನ್ ಮಾಡಿದಳು. ಎರಡೂ ಊರಿನ ಕಂಪ್ಯೂಟರು ಕೂಡಿಸಿಕೊಟ್ಟವನು ಅವನೇ.

"ಕುಸುಮಾವತಿ ಕಾಕು ಪಟ್ಟಿ ಕೇಳ್ಯಾರ್ರಿ," ಎಂದು ಸುಳ್ಳು ಹೇಳಿದಳು. "ಬರೇ ಪ್ರಶ್ನಾರ್ಥಕ ಬರಾಕತ್ತಾವು. ನಾ ಏನೂ ಮುಟ್ಟಿಲ್ರಿ."

ಚೇತನ ನಕ್ಕ. "ಹೆಸರು ಎಲ್ಲೂ ಹೋಗಿಲ್ರಿ. ಈ ಲಾಗಿನ್‌ಗೆ ಭಾಷೆಯ ಸೆಟ್ಟಿಂಗ್ ಬರೇ ಇಂಗ್ಲಿಷಿಂದು. ಕನ್ನಡ ಅಕ್ಷರ ಅದಕ್ಕ ಗುರ್ತ ಸಿಗೂದಿಲ್ಲ. ಗುರ್ತ ಸಿಗದ ಮಂದೀನ ಬಾಗಲದಾಗ ನಿಂದ್ರಿಸಿ 'ಯಾರು, ಯಾರು' ಅಂತದ, ಅಷ್ಟ."

"ಹಂಗಾರ ಒಂದನ್ನ ಅಳಸೂದಿದ್ರ?"

"ಪ್ರಶ್ನಾರ್ಥಕ ಟೈಪ್ ಮಾಡಿ ಅಳಸಾಕ ಹೋಗಬ್ಯಾಡ್ರಿ ಮತ್ತ! ಅದಕ್ಕ ಆ ಚಿಹ್ನೆ ಅಂದ್ರ 'ಯಾವ ಅಕ್ಷರಾನೂ ನಡೀತದ' ಅಂತ. ಅಷ್ಟ ಉದ್ದದ ಹೆಸರಿನವರು ಎಲ್ಲಾ ಒಮ್ಮೆಲೆ ಹೋಗ್ತಾರ. ಅರ್ಧ ಸಮಾಜ ಬ್ರಹ್ಮಚಾರಿ ಆಗ್ತದ."

ಅವಳು ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದಳು.

ಭಾಷೆ ಬದಲಿಸುವ ಆಜ್ಞೆಯನ್ನು ಚೇತನ ಒಂದೊಂದೇ ಅಕ್ಷರವಾಗಿ ಹೇಳಿದ. ಅವಳು ಎರಡೆರಡು ಸಲ ಓದಿ ಟೈಪ್ ಮಾಡಿದಳು. ಕೊನೆಗೆ ಯುಟಿಎಫ್ ಎಂಟು, ಕನ್ನಡ ಅಕ್ಷರಕ್ಕೂ ಗುರುತು ಕೊಡುವ ಸಂಕೇತ.

"ನಿಮ್ಮ ಲಾಗಿನ್‌ಗೆ ಮಾತ್ರ ಬರೇ ಇಂಗ್ಲಿಷ್ ಇಡು ಅಂದಿದ್ರು ಅತ್ತಿ. ನನ್ನ ಹೆಸರ ಹೇಳಬ್ಯಾಡ್ರಿ," ಎಂದು ಫೋನ್ ಇಟ್ಟ.

ತನಗೆ ಮಾತ್ರ? ನಂಬಿಕೆ ಇಲ್ಲವೆ? ಅಥವಾ ಓದಿದರೆ ನೊಂದುಕೊಳ್ಳುತ್ತಾಳೆಂಬ ಕರುಣೆಯೋ? ಮತ್ತೆ ಪಟ್ಟಿ ಕೇಳಿದಳು. ಪರದೆಯ ತುಂಬ ಕನ್ನಡ, ಕುಸುಮಾವತಿ ಫೈಲುಗಳಿಗೆ ಇಟ್ಟ ಹೆಸರುಗಳು.

ಗೊಲ್ಲಾಳಪ್ಪ-ತಾಯಿ ಬಾಯಿ ಬಿಡದಂತೆ ನೋಡಿಕೊಳ್ಳಬೇಕು.

ಸುಜಿತ್-ಟೋಪಿ ತೆಗೆಸಬಾರದು.

ಹರಿಪ್ರಿಯಾ-ಕೂರಿಸಿಯೇ ತೋರಿಸುವುದು-ಎದ್ದರೆ ವರನಿಗಿಂತ ಎತ್ತರ.

ಶ್ರೀವಿದ್ಯಾಳಿಗೆ ನಗು ತಡೆಯಲಾಗಲಿಲ್ಲ. ಮರುಕ್ಷಣವೇ ನಗು ನಿಂತಿತು. ಇಷ್ಟು ಕಡ್ಡಿ ಮುರಿದಂತೆ ಬರೆಯುವವರು ತನ್ನ ಬಗ್ಗೆ ಏನು ಬರೆದಿರಬಹುದು? ಬಣ್ಣವೋ? ಸೋಡಾಗ್ಲಾಸು ಕನ್ನಡಕವೋ? ಮಾತಾಡಿದರೆ ಗಂಟಲು ಕಟ್ಟುವುದೋ? ಅಂಗೈಯಿಂದ ಪರದೆ ಮುಚ್ಚಿ, ಪಟ್ಟಿಯ ಕೊನೆಯಿಂದ ಒಂದೊಂದೇ ಸಾಲು ಮೇಲೇರಿದಳು. ಸರೋಜಿನಿ ಬಂದಳು, ಹೋದಳು. 'ಶ್ರೀ' ಬಂತು. ಓದದೆ ಅಳಿಸಿಬಿಡಲೆ? ಅಳಿಸಬೇಕಾದರೂ ಪೂರ್ತಿ ಹೆಸರು ಟೈಪ್ ಮಾಡಬೇಕು. ಕೈ ತೆಗೆದಳು.

ಶ್ರೀವಿದ್ಯಾ-ಹನ್ನೊಂದು ಮನೆಯವರು ಕೇಳಿದರು-ಕೊಟ್ಟರೆ ಆಫೀಸು ಯಾರು ನೋಡುತ್ತಾರೆ.