ಸವೆದ ಮೆಟ್ಟಿಲು

ಜೇನುಮೇಣ ಕಾಯುವ ವಾಸನೆ ಎಲ್ಲಿ ಬಂದರೂ ಮುಳಬಾಗಿಲಿನ ನಮ್ಮ ಜಗಲಿ ಇಂದಿಗೂ ನೆನಪಾಗುತ್ತದೆ.

ಎರಡನೆಯ ಮಹಾಯುದ್ಧದ ದಿನಗಳು; ನಾನಿನ್ನೂ ಚಿಕ್ಕ ಹುಡುಗಿ. ಅಜ್ಜಿ ತೀರಿಕೊಂಡ ಮೇಲೆ ಮೂಲೆ ಸೇರಿದ್ದ ಅವರ ವೀಣೆಯನ್ನು ಸರಿಮಾಡಲು ವಾದ್ಯ ರಿಪೇರಿಯ ಸಾಬರು ಬಂದಿದ್ದರು. ಅಜ್ಜಿಯ ಹೊರತು ಅದನ್ನು ಯಾರೂ ನುಡಿಸಿರಲಿಲ್ಲ. ಸಾಬರು ಇದ್ದಿಲ ಒಲೆಯ ಮೇಲೆ ಮೇಣ ಕಾಯಲಿಟ್ಟು, ತಂತಿಯ ಕೆಳಗೆ ಮೇಣದಲ್ಲಿ ಕೂರಿಸಿದ್ದ ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತು, ಸವೆದ ಗುರುತು ಹೋಗುವಂತೆ ಅರದಿಂದ ಉಜ್ಜುತ್ತಿದ್ದರು.

ಸೋದರತ್ತೆ ಕಂಬಕ್ಕೆ ಒರಗಿ ನೋಡುತ್ತಿದ್ದರು. ತಮ್ಮ ವೀಣೆಯಲ್ಲಿ ಅವರು ರಿಷಭದ ಮೆಟ್ಟಿಲಿನ ಮೇಲೆಯೇ ತಂತಿಯನ್ನು ಅಡ್ಡಕ್ಕೆ ಎಳೆದು ಮುಂದಿನ ಸ್ವರ ಗಾಂಧಾರವನ್ನು ಹೊರಡಿಸುತ್ತಿದ್ದರು. ತಮ್ಮ ಅಮ್ಮ, ಅಂದರೆ ನನ್ನ ಅಜ್ಜಿ, ನುಡಿಸುತ್ತಿದ್ದುದೇ ಹೀಗೆ ಎನ್ನುತ್ತಿದ್ದರು. ವೀಣೆ ಕಲಿಸಲು ಬರುತ್ತಿದ್ದ ಹೊಸ ಮೇಷ್ಟ್ರು ಹಿಂದಿನ ದಿನವಷ್ಟೇ, "ಅದು ನಿಮ್ಮ ಭ್ರಮೆ ತಾಯಿ, ಗಾಂಧಾರದ ಮೆಟ್ಟಿಲಲ್ಲೇ ಒತ್ತಿ" ಎಂದು ಎಲ್ಲರೆದುರು ನಕ್ಕಿದ್ದರು.

ಸಾಬರ ಕೈ ನಿಂತಿತು.

"ಇಲ್ನೋಡಮ್ಮಾ, ಈ ರಿಷಭ ಅಡ್ಡಕ್ಕೆ ಎಷ್ಟುದ್ದ ಸವೆದೈತೆ! ಪಕ್ಕದ ಗಾಂಧಾರ ಹೊಸದಂಗೇ ಐತೆ. ದೊಡ್ಡಮ್ಮೋರು ಇಲ್ಲಿಂದ್ಲೇ ಎಳೀತಿದ್ರು."

ಅತ್ತೆ ಎದ್ದು ಹತ್ತಿರ ಬಂದರು.

"ಅದನ್ನ ಉಜ್ಜಬೇಡಿ ಸಾಬ್ರೇ."

"ತಂತಿ ತೊಡರ್ತದೆ ಕಣಮ್ಮಾ. ಮೇಷ್ಟ್ರು ನನ್ನ ಬೈತಾರೆ."

"ಬೈಲಿ ಬಿಡಿ. ನಂಗೂ ಬೈದಿದ್ದಾರಲ್ಲ."

ಸಾಬರು ನಕ್ಕು ಅರವನ್ನು ಕೆಳಗಿಟ್ಟರು. ಅತ್ತೆ ನನ್ನ ಬೆರಳು ಹಿಡಿದು, ಆ ಸವೆದ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಸಿದರು.

"ನೀನೂ ತಂತೀನ ಹೀಗೇ ಎಳಿಯೇ," ಎಂದರು, "ನಿಮ್ಮಜ್ಜಿ ಎಳೀತಿದ್ದಷ್ಟು ದೂರ."